ಎಲೆ ಹಾಕಿದ ಮೇಲೆ ಎದ್ದವರು

ತಿಪಟೂರು
26-11-2024

ಚಿ. ಭಾನುಪ್ರಿಯಾಳಿಗೆ ಅಮ್ಮನ ಆಶೀರ್ವಾದ.

ನಾವೆಲ್ಲ ಆರೋಗ್ಯ. ಹೈದರಾಬಾದಿನ ಹಾಸ್ಟೆಲ್ ಊಟ ಈಗಲಾದರೂ ಹಿಡಿಸಿತೇ? ಮದುವೆ ಮಾತುಕತೆ ಏನಾಯಿತು, ಬಸವಕುಮಾರ್ ಯಾಕೆ ಫೋನ್ ಎತ್ತುತ್ತಿಲ್ಲ ಎಂದು ನೀನು ಕೇಳಿದಾಗಲೆಲ್ಲ "ಮುಂದಕ್ಕೆ ಹೋಗಿದೆ" ಎಂದು ಜಾರಿಕೊಂಡೆ. ನಿನ್ನ ದನಿ ಕೇಳಿದರೆ ಬಾಯಿ ಕಟ್ಟುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ತಡವಾಯಿತು, ಬೈಯಬೇಡ.

ನಿಮ್ಮಪ್ಪನ ಬುದ್ಧಿ ನಿನಗೆ ಗೊತ್ತಲ್ಲ. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಸೇರಿಸಿಕೊಂಡು ತಿಪಟೂರು ಬೇರೆ ಜಿಲ್ಲೆಯಾಗಬೇಕೆನ್ನುವ ಸಮಿತಿಗೆ ಅವರೇ ಅಧ್ಯಕ್ಷರು. ಬಸವಕುಮಾರನ ತಂದೆ ಸದಾಶಿವಯ್ಯನವರು ಚಿಕ್ಕನಾಯಕನಹಳ್ಳಿ ಕಡೆಯ ಮುಖಂಡರು. "ಹೆಂಗೂ ಅವ್ರು ಬತ್ತಾರೆ ಕಣೇ. ಸಭೆನೂ ಆಗ್ಲಿ, ಮದ್ವೆ ಮಾತೂ ಆಗ್ಲಿ, ಒಂದೇ ಅಡುಗೆ" ಎಂದರು. ಕೊಬ್ಬರಿ ವ್ಯಾಪಾರಿಯ ಜಾಣತನ! ನಾನೂ ಖುಷಿಯಿಂದ ಒಬ್ಬಟ್ಟು ತಟ್ಟಿದೆ.

ಬೇರೆ ದೇಶವಾಗಲು ಹೊರಟ ನಾಡುಗಳ ಬಗ್ಗೆ ಪತ್ರಿಕೆಗೆ ನೀನು ಬರೆದ ಲೇಖನವನ್ನು ನಿಮ್ಮಪ್ಪ ಅಂಗಡಿಗೆ ಬಂದವರಿಗೆಲ್ಲ ಓದಿ ಹೇಳುತ್ತಿದ್ದರು. ಸ್ಕಾಟ್ಲೆಂಡಿನವರು ಸರ್ಕಾರದ ಒಪ್ಪಿಗೆ ಪಡೆದು ಮತ ಹಾಕಿದರು, ಸೋತು ಮನೆಗೆ ಹೋದರು. ಕ್ಯಾಟಲೋನಿಯಾದವರು ಒಪ್ಪಿಗೆಯಿಲ್ಲದೆ ಹಾಕಿದರು, ಮುಖಂಡರು ಜೈಲಿಗೆ ಹೋದರು. ಕ್ಯೂಬೆಕ್ಕಿನವರು ಕೆನಡಾ ಬಿಡುತ್ತೇವೆಂದಾಗ ಅಲ್ಲಿನ ಮೂಲನಿವಾಸಿಗಳು "ಹಾಗಾದರೆ ನಾವು ನಿಮ್ಮ ಜೊತೆ ಬರುವುದಿಲ್ಲ" ಎಂದರಲ್ಲ, ಅದನ್ನು ಓದುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅದೇ ನಮ್ಮ ಹಜಾರದಲ್ಲಿ ನಡೆಯಿತು. ಜಿಲ್ಲಾ ಕಚೇರಿ ಕೆಲಸಕ್ಕೆ ತುಮಕೂರಿಗೆ ಅಲೆದ ಕಷ್ಟ ಹೇಳಿಕೊಳ್ಳುವವರೆಗೂ ಎಲ್ಲರೂ ಒಂದೇ. ಎಲೆ ಹಾಕಿ ಕೋಸಂಬರಿ ಬಡಿಸುತ್ತಿದ್ದೆ. ಜಿಲ್ಲಾಧಿಕಾರಿ ಕಚೇರಿ ಎಲ್ಲಿ ಬರುತ್ತದೆ ಎಂದು ಯಾರೋ ಕೇಳಿದರು.

"ಇದೇನ್ ಕೇಳೋ ಮಾತಾ? ತಿಪಟೂರಲ್ಲೇ" ಎಂದರು ನಿಮ್ಮಪ್ಪ.

"ತುಮಕೂರಿನೋರ ಕೈ ಬುಡಿಸ್ಕಂಡು ನಿಮ್ ಕೈಗೆ ಬೀಳಕ್ಕೇನ್ರೀ ನಾವು ಬಂದಿರಾದು? ಅದುಕ್ಕಿಂತ ತುಮಕೂರೇ ವಾಸಿ ಬುಡ್ರಿ" ಎಂದರು ಸದಾಶಿವಯ್ಯ.

"ಹಂಗಾರೆ ಅಲ್ಲಿಗೇ ಹೋಗ್ರಿ. ಹೆಣ್ಣೂ ಅಲ್ಲೇ ನೋಡ್ಕಳ್ರಿ."

ಸದಾಶಿವಯ್ಯ ಎದ್ದುಬಿಟ್ಟರು. ಹಾಕಿದ ಎಲೆ ಬಿಟ್ಟು ಹೋದವರನ್ನು ಮತ್ತೆ ಬೀಗರೆಂದು ಕರೆಯುವುದುಂಟೇ? ಆದರೂ ನಾಚಿಕೆ ಬಿಟ್ಟು ಶಿವಮೂರ್ತಿ ಮಾವನನ್ನು ಸಂಧಾನಕ್ಕೆ ಕಳಿಸಿದೆ. "ಅಧ್ಯಕ್ಷರೇ ಬಂದು ಕರೀಲಿ" ಎಂದರಂತೆ. ಇವರು ಹೋಗಲಿಲ್ಲ, ಹೋಗುವುದೂ ಇಲ್ಲ. ತುರುವೇಕೆರೆಯವರು ಬೇರೆ ಸಮಿತಿ ಕಟ್ಟಿದ್ದಾರೆ, ಚಿಕ್ಕನಾಯಕನಹಳ್ಳಿಯವರು ಇನ್ನೊಂದು. ಜಿಲ್ಲೆ ಯಾರಿಗೂ ಬರುವುದಿಲ್ಲ ಬಿಡು. ನಿಮ್ಮಪ್ಪ ಈಗ ನಿನ್ನ ಲೇಖನ ಯಾರಿಗೂ ಓದುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಶಿವ ನಿನ್ನ ಮನಸ್ಸನ್ನು ಗಟ್ಟಿಯಾಗಿಡಲಿ.

ನಿನ್ನ ಅಮ್ಮ,
ಶಿವರುದ್ರಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ತನ್ನ ಅಪ್ಪ ಎದ್ದರೂ, ಅವರ ಜೊತೆ ಊಟಕ್ಕೆ ಬಂದಿದ್ದ ಬಸವಕುಮಾರ್ ಕೂತೇ ಇದ್ದ, ಭಾನು. ನನಗೆ ಎಷ್ಟು ಆಸೆಯಾಯಿತೆಂದರೆ, ಓಡಿಹೋಗಿ ಅವನ ಎಲೆಗೆ ಒಬ್ಬಟ್ಟು ಹಾಕಿ "ತಿನ್ನಪ್ಪಾ" ಎಂದೆ. ಬಾಗಿಲಿನಿಂದ ಸದಾಶಿವಯ್ಯ ಒಂದು ಸಲ ಕೂಗಿದರು, ಅಷ್ಟೇ. ಮುಟ್ಟದ ಒಬ್ಬಟ್ಟಿನ ಮೇಲೆ ಎಲೆ ಮಡಚಿ ಎದ್ದುಹೋದ. ಹೋದ ಗುರುವಾರ ಮಾಯಸಂದ್ರದ ಹುಡುಗಿಯ ಜೊತೆ ಅವನ ನಿಶ್ಚಿತಾರ್ಥ ಆಯಿತು. ಅವನ ಫೋನಿಗೆ ಕಾಯಬೇಡ ಮಗಳೇ.