ಹಾಡಿನೊಳಗಿನ ಅಣ್ಣ

ನವೆಂಬರ್ ೧೮, ಮಂಗಳವಾರ

ಪ್ರೀತಿಯ ಚೋಟು,

ಇಲ್ಲಿ ನಾವು ಮೂವರೂ ಆರಾಮ. ನೀನು ಮತ್ತು ನಿನ್ನ ಗಂಟಲು ಎರಡೂ ಚೆನ್ನಾಗಿವೆ ಅಂದುಕೊಂಡಿದ್ದೇನೆ. ಹೊಸ ಆಲ್ಬಮ್ ಕಳಿಸಿ ತಿಂಗಳಾಯಿತು, ಅಣ್ಣ ಒಂದು ಮಾತೂ ಹೇಳಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಿದಾಗಲೆಲ್ಲ ನಿನ್ನ ಮ್ಯಾನೇಜರ್ ಎತ್ತಿ, "ಕಂಬಿ ಬ್ರೋ ಸ್ಟುಡಿಯೋದಲ್ಲಿದ್ದಾರೆ, ಏನಾದ್ರೂ ಹೇಳ್ಬೇಕಾ?" ಅನ್ನುತ್ತಾನೆ. ನಿನ್ನ ಸ್ಟೇಜಿನ ಹೆಸರಷ್ಟೇ ಗೊತ್ತಿರುವ ಅವನ ಹತ್ತಿರ ಹೇಳುವಂಥದ್ದಲ್ಲ. ಅದಕ್ಕೇ ಈ ಕಾಗದ.

ಇದನ್ನೂ ಒಂದೇ ಕಡೆ ಕೂತು ಬರೆಯುತ್ತಿಲ್ಲ. ಎರಡು ಸಾಲು ಬರೆಯುವುದು, ಎದ್ದು ಓಡಾಡುವುದು. ಈಗ ಲಿಫ್ಟ್ ರಿಪೇರಿಗೆ ಬಂದ ಒಂದು ಆಸ್ಪತ್ರೆಯ ತಾರಸಿಯಲ್ಲಿ, ಲಿಫ್ಟಿನ ಮೋಟಾರ್ ಕೋಣೆಯಲ್ಲಿದ್ದೇನೆ. ಕೆಳಗೆ ಯಾರಾದರೂ ಗುಂಡಿ ಒತ್ತಿದರೆ ಪಕ್ಕದಲ್ಲಿ ಮೋಟಾರ್ ಗುರ್ ಅನ್ನುತ್ತದೆ, ನನ್ನ ಅಕ್ಷರ ಸೊಟ್ಟಗಾಗುತ್ತದೆ. ಗ್ರೀಸಿನ ಕಲೆ ಆಗಿದ್ದರೆ ಕ್ಷಮಿಸು.

ನಿನ್ನ ಅತ್ತಿಗೆಯ ಮೊಣಕೈ ನೋವು ಕಡಿಮೆಯಾಗಿದೆ, ಮತ್ತೆ ಹೊಲಿಗೆ ಶುರುಮಾಡಿದ್ದಾಳೆ. ಮಗಳು ನನ್ನ ಭುಜದಷ್ಟು ಎತ್ತರ ಬೆಳೆದಿದ್ದಾಳೆ. ಹೋದ ವಾರ ಕಪ್ಪು ಟೀ ಶರ್ಟ್ ಹಾಕಿಕೊಂಡು ಬಂದು ಎದುರಿಗೆ ನಿಂತಳು. ಎದೆಯ ಮೇಲೆ ಕಂಬಿ ಹಿಡಿದು ನಿಂತ ನಿನ್ನ ಚಿತ್ರ, ಕೆಳಗೆ ದಪ್ಪ ಅಂಕಿಯಲ್ಲಿ ಕೈದಿ ನಂಬರು.

ನನ್ನ ನಂಬರು.

ಎರಡು ವರ್ಷ ಅದನ್ನು ಕೂಗಿದಾಗಲೆಲ್ಲ ಓಗೊಟ್ಟವನು ನಾನು. ನಿನಗೆ ಅದು ಹೇಗೆ ನೆನಪಿತ್ತು ಅಂತ ಯೋಚಿಸಿದೆ. ಒಳಗಿನಿಂದ ನಾನು ಬರೆದ ಕಾಗದಗಳ ಮೇಲೆ ಇರುತ್ತಿತ್ತಲ್ಲ. ಅಂತೂ ಅವು ನಿನಗೆ ತಲುಪಿದ್ದವು.

"ಹೇಗಿದೆ ಅಪ್ಪ?" ಅಂದಳು.

"ಬಣ್ಣ ಬಿಡುತ್ತೇನೋ, ಬೇರೆ ಬಟ್ಟೆ ಜೊತೆ ನೆನೆಹಾಕ್ಬೇಡ," ಅಂದೆ.

"ಚಿಕ್ಕಪ್ಪಂಗೆ ಎಷ್ಟು ಧೈರ್ಯ ಅಲ್ವಾ? ನೀನಾಗಿದ್ರೆ ಅಲ್ಲಿ ಒಂದಿನಾನೂ ಇರ್ತಿರ್ಲಿಲ್ಲ ಬಿಡು."

ಅಡುಗೆಮನೆಯಲ್ಲಿ ಸೌಟು ದಡ್ ಅಂತ ಸದ್ದಾಯಿತು. ನಿನ್ನ ಅತ್ತಿಗೆ ಬಾಗಿಲಿಗೆ ಬಂದು ನನ್ನನ್ನೇ ನೋಡಿದಳು. ಬೇಡ ಅಂತ ಕಣ್ಣಲ್ಲೇ ಹೇಳಿದೆ.

ನಿನ್ನನ್ನು ದೂರಲಾರೆ. ನಮ್ಮ ಮನೆ ಮೆಟ್ಟಿಲ ಮೇಲೆ ಕೂತು ನೀನು ನನ್ನನ್ನು ಕೇಳಿಯೇ ನನ್ನ ಜೈಲಿನ ಕತೆ ತೆಗೆದುಕೊಂಡೆ. "ಅಣ್ಣಾ, ರ‍್ಯಾಪ್‌ನಲ್ಲಿ ಜನ ಹಾಡಿಗಿಂತ ಮುಂಚೆ ಆಳನ್ನ ನಂಬ್ಬೇಕು ಕಣೋ. ಲೈಬ್ರರೀಲಿ ಕೂತು ಪರೀಕ್ಷೆಗೆ ಓದ್ದೋನು ಅಂದ್ರೆ ಯಾರು ಕೇಳ್ತಾರೆ?" ಅಂದಿದ್ದೆ. ನಾನು ನಕ್ಕು, "ತಗೊಳ್ಳೋ, ನನಗಂತೂ ಅದ್ರಿಂದ ಏನೂ ಉಪಯೋಗ ಇಲ್ಲ," ಅಂದೆ. ಬಲೂನ್ ಒಡೆದರೆ ಅಮ್ಮನ ಹಿಂದೆ ಅಡಗುತ್ತಿದ್ದ ನೀನು ಜೈಲಿಗೆ ಹೋಗಿಬಂದವನಾದೆ. ನಾನು ಯಾರದೋ ಕದ್ದ ಸಾಮಾನಿದ್ದ ವ್ಯಾನ್ ಓಡಿಸಿ ಸಿಕ್ಕಿಬಿದ್ದದ್ದು ನಿನ್ನ ಬಾಯಲ್ಲಿ ಚಾಕು, ಗ್ಯಾಂಗು, ರಕ್ತ ಎಲ್ಲ ಆಯಿತು. ಇರಲಿ. ಹಾಡು ಮಾತ್ರ ಅದ್ಭುತ. ಬೀಟ್ ನಿಂತು ಬರೀ ನಿನ್ನ ದನಿ ಉಳಿಯುವ ಕಡೆ ನನ್ನ ಮೈ ಈಗಲೂ ಜುಮ್ ಅನ್ನುತ್ತದೆ. ಆದರೆ ನಾಟಕದವನು ಬಣ್ಣ ತೊಳೆದುಕೊಂಡು ಮನೆಗೆ ಹೋಗಬಹುದು. ನಿನ್ನ ಆಟದಲ್ಲಿ ಅದಕ್ಕೆ ಅವಕಾಶವೇ ಇಲ್ಲ ಅಂತ ಆಗ ನನಗೂ ಹೊಳೆಯಲಿಲ್ಲ, ನಿನಗೂ ಹೊಳೆಯಲಿಲ್ಲ.

ಶನಿವಾರ ನಿನ್ನ ಬಗ್ಗೆ ಚಿತ್ರ ಮಾಡುವವರು ನನ್ನನ್ನು ಕರೆದುಕೊಂಡು ಹೋದರು. ಅಣ್ಣನಾಗಿ ನಾಲ್ಕು ಮಾತು ಹೇಳಬೇಕು ಅಂದಿದ್ದರು, ಎಲ್ಲಿ ಅಂತ ಹೇಳಿರಲಿಲ್ಲ. ವ್ಯಾನಿನಿಂದ ಇಳಿದರೆ ಎದುರಿಗೆ ಜೈಲಿನ ಗೇಟು. ಅದಕ್ಕೀಗ ನೀಲಿ ಬಣ್ಣ ಬಳಿದಿದ್ದಾರೆ.

ನಿರ್ದೇಶಕಿ ಒಳ್ಳೆಯ ಹುಡುಗಿ. "ಗೇಟಿನ ಕಡೆ ನೋಡ್ತಾ ಹೇಳಿ ಅಣ್ಣಾ, ತಮ್ಮ ಒಳಗಿದ್ದಾಗ ನಿಮಗೆ ಏನನ್ನಿಸ್ತಿತ್ತು?" ಅಂದಳು.

ಗೊತ್ತಿದ್ದದ್ದನ್ನೇ ಹೇಳಿದೆ. ಅಲ್ಲಿ ದೀಪ ಆರಿಸುವುದಿಲ್ಲ, ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮಲಗಬೇಕು. ಬರುತ್ತಿರುವವನು ಯಾರು ಅಂತ ಬೂಟಿನ ಸದ್ದಿನಲ್ಲೇ ಗೊತ್ತಾಗುತ್ತದೆ. ಭಯ ಆಗುವುದು ಒಳಗೆ ಹೋಗುವಾಗ ಅಲ್ಲ, ಬಿಡುಗಡೆ ಹತ್ತಿರ ಬಂದಾಗ. ಹೊರಗಿನವರು ನನ್ನನ್ನು ಮರೆತು ಬದುಕುವುದನ್ನೇ ಅಭ್ಯಾಸ ಮಾಡಿಕೊಂಡುಬಿಟ್ಟಿದ್ದರೆ?

"ನೀವೇ ಒಳಗಿದ್ದ ಹಾಗೆ ಹೇಳ್ತೀರಲ್ಲ!" ಅಂದಳು.

"ಅವನೇ ಹೇಳಿದ್ದು," ಅಂದೆ.

ಅಷ್ಟರಲ್ಲಿ ಪಕ್ಕದ ಚಿಕ್ಕ ಬಾಗಿಲು ತೆರೆದು ಒಬ್ಬ ವಾರ್ಡರ್ ಹೆಲ್ಮೆಟ್ ಹಿಡಿದು ಹೊರಗೆ ಬಂದರು. ಮೀಸೆ ಪೂರ್ತಿ ಬೆಳ್ಳಗಾಗಿದೆ, ಆದರೂ ಗುರುತು ಹತ್ತಿತು. ಅವರಿಗೂ ಹತ್ತಿತು.

"ಏಯ್, ನೀನಲ್ವೇನೋ? ನಮ್ಮ ಫ್ಯಾನೆಲ್ಲ ರಿಪೇರಿ ಮಾಡಿಕೊಡ್ತಿದ್ದೋನು!"

ಕ್ಯಾಮೆರಾ ಓಡುತ್ತಲೇ ಇತ್ತು. ಹೌದು ಸರ್ ಅಂದಿದ್ದರೆ ಸಾಕಿತ್ತು, ನೀನು ಕಟ್ಟಿದ್ದೆಲ್ಲ ಅಲ್ಲೇ ಉರುಳುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಒಂದು ಗಳಿಗೆ ನನಗೆ ಅದೇ ಬೇಕಿತ್ತು. ನಾನು ಅನುಭವಿಸಿದ್ದನ್ನು ನನ್ನದು ಅಂತ ಒಬ್ಬರಾದರೂ ಹೇಳುತ್ತಿದ್ದಾರಲ್ಲ ಅನ್ನಿಸಿತು.

"ಇಲ್ಲ ಸರ್, ಅದು ನನ್ನ ತಮ್ಮ," ಅಂದೆ.

ಅವರು ನನ್ನನ್ನು ನೋಡಿದರು. ಕ್ಯಾಮೆರಾ ನೋಡಿದರು. ಕ್ಯಾಮೆರಾ ಹಿಡಿದವನ ಟೀ ಶರ್ಟಿನ ಮೇಲಿದ್ದ ನಂಬರನ್ನೂ ನೋಡಿದರು. "ಹೌದಾ? ಅಣ್ಣ ತಮ್ಮ ಅಚ್ಚು ಹೊಯ್ದ ಹಾಗಿದೀರಪ್ಪ," ಅಂದರು. ಬೈಕ್ ಹತ್ತುವ ಮುಂಚೆ ಹತ್ತಿರ ಬಂದು ಮೆಲ್ಲಗೆ, "ಚೆನ್ನಾಗಿದೀಯ ತಾನೆ?" ಅಂತ ಕೇಳಿದರು.

"ಚೆನ್ನಾಗಿದೀನಿ ಸರ್."

ಮನೆಗೆ ಬಂದರೆ ಕೂತಲ್ಲಿ ಕೂರಲಾಗಲಿಲ್ಲ. ಸರಿಯಿದ್ದ ನಲ್ಲಿಯನ್ನೇ ಬಿಚ್ಚಿ ಜೋಡಿಸಿದೆ. ಕೊನೆಗೆ ಮಗಳನ್ನು ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ನಿನ್ನ ಮರ್ಯಾದೆ ಕಳೆಯಲು ಅಲ್ಲ ಚೋಟು. ಆ ಬಟ್ಟೆ ಹಾಕಿಕೊಂಡು ಅವಳು ಓಡಾಡುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಅವಳು ಬಿದ್ದು ಬಿದ್ದು ನಕ್ಕಳು. "ಅಪ್ಪಾ, ನಿಂಗೂ ಫೇಮಸ್ ಆಗ್ಬೇಕಾ?"

ನಾನೂ ಅವಳ ಜೊತೆ ನಕ್ಕೆ. ಇನ್ನೇನು ಮಾಡಲಿ? ನಿನ್ನ ಅತ್ತಿಗೆ ಮಾತ್ರ ಹೊಲಿಗೆ ನಿಲ್ಲಿಸಿ, "ಹೌದು ಕಣೆ, ನಿಮ್ಮಪ್ಪಾನೇ. ನನಗೆ ಗೊತ್ತಿದ್ದೇ ಮದುವೆ ಆಗಿದ್ದು," ಅಂದಳು. ಮರುದಿನ ಬೆಳಿಗ್ಗೆ ನಾನು ಬೂಟು ಹಾಕುತ್ತಿದ್ದಾಗ ಮಗಳು ಬಂದು ಪಕ್ಕದಲ್ಲಿ ಕೂತಳು.

"ಒಳಗೆ ಹೊಟ್ಟೆ ತುಂಬ ಊಟ ಕೊಡ್ತಿದ್ರಾ ಅಪ್ಪ?"

"ಕೊಡ್ತಿದ್ರು."

"ಮತ್ತೆ ಚಿಕ್ಕಪ್ಪಂಗೆ ಯಾಕೆ ಬಿಟ್ಟುಕೊಟ್ಟೆ?"

"ಹಾಡು ಚೆನ್ನಾಗಿತ್ತು," ಅಂದೆ. ಸ್ವಲ್ಪ ಹೊತ್ತು ಭುಜಕ್ಕೆ ಒರಗಿಕೊಂಡಿದ್ದು ಎದ್ದು ಹೋದಳು. ಯಾರಿಗೂ ಹೇಳುವುದಿಲ್ಲವಂತೆ. ಅದೂ ನನಗೆ ಸಂಕಟವೇ. ನಾವಿಬ್ಬರು ಹೊತ್ತದ್ದು ಸಾಲದು ಅಂತ ಈಗ ಅವಳೂ ಹೊರಬೇಕು.

ಕೆಳಗಿನಿಂದ ಕರೆಯುತ್ತಿದ್ದಾರೆ, ಮೂರನೇ ಮಹಡಿಯಲ್ಲಿ ಬಾಗಿಲು ಹಾಕಿಕೊಳ್ಳುತ್ತಿಲ್ಲವಂತೆ. ಹೊತ್ತಿಗೆ ಸರಿಯಾಗಿ ತಿನ್ನು, ಗಂಟಲು ಕಾಪಾಡಿಕೋ. ನಿನಗೆ ಒಳ್ಳೆಯದಾಗಲಿ, ಇನ್ನೂ ಹತ್ತು ಊರಿನ ಜನ ನಿನ್ನ ಹಾಡಿಗೆ ಕುಣಿಯಲಿ.

ನಿನ್ನ
ಅಣ್ಣ

ಮರೆತ ಮಾತು: ಆಲ್ಬಮ್ಮಿನ ಕೊನೆಯ ಹಾಡು ಕೇಳಿದೆ. ಅದರಲ್ಲಿ ಭಾನುವಾರ ಭಾನುವಾರ ಅಣ್ಣ ಬಂದು ಜಾಲರಿಯ ಆಚೆ ನಿಲ್ಲುತ್ತಾನೆ, ಬೆರಳಿಗೆ ಬೆರಳು ತಾಗಿಸುತ್ತಾನೆ. ಜನ ಅಳುತ್ತಾರಂತೆ. ಜೈಲು ನಿನಗೇ ಇರಲಿ ಚೋಟು, ನಂಬರನ್ನೂ ಇಟ್ಟುಕೋ. ನಾನು ಒಳಗಿದ್ದಾಗ ಪ್ರತಿ ಭಾನುವಾರ ಗಡ್ಡ ಬೋಳಿಸಿಕೊಂಡು, ತಲೆ ಬಾಚಿಕೊಂಡು ಭೇಟಿ ಕೋಣೆಯ ಬೆಂಚಿನ ಮೇಲೆ ಕೂರುತ್ತಿದ್ದೆ. ಅಮ್ಮನಿಗೆ ಹಾಸಿಗೆಯಿಂದ ಏಳಲು ಆಗುತ್ತಿರಲಿಲ್ಲ. ನಿನಗೆ ಆಗುತ್ತಿತ್ತು, ಒಂದೇ ಬಸ್ಸು. ನೀನು ಒಂದು ಸಲವೂ ಬರಲಿಲ್ಲ. ನಿನ್ನ ಹಾಡಿನಲ್ಲಿ ಬರುತ್ತಾನಲ್ಲ, ಅಂಥವನೊಬ್ಬನಿಗಾಗಿಯೇ ಕಣೋ ನಾನು ಕಾಯುತ್ತಿದ್ದದ್ದು.