ತಾಯಿಯ ಹೆಸರಿನ ಜಾಗ

ಅಕ್-ಮೊಯ್ನೊಕ್, ನರಿನ್ ಸೀಮೆ
ಏಪ್ರಿಲ್ ಇಪ್ಪತ್ತನಾಲ್ಕು, ಸೋಮವಾರ

ಸೊಸೆ ಬಕ್ತಿಗುಲ್‌ಗೆ ಅತ್ತೆ ಅನಾರ್‌ಕುಲ್ ಮಾಡುವ ಆಶೀರ್ವಾದ.

ಹೇಗಿದ್ದೀಯ ಮಗಳೇ? ನನ್ನ ಮಗ ಮೆದೆರ್ ಹೇಗಿದ್ದಾನೆ? ಚಿಕ್ಕವನ ಕೆಮ್ಮು ನಿಂತಿತೆ? ಹೋದ ಭಾನುವಾರ ಫೋನಿನಲ್ಲಿ ನಿನ್ನ ಮುಖ ನೋಡಿದೆ, ಕೆನ್ನೆ ಒಳಕ್ಕೆ ಹೋಗಿತ್ತು. ಕೇಳಿದರೆ ‘ಬೆಳಕು ಸರಿ ಇಲ್ಲಮ್ಮ’ ಎಂದೆ. ಬೆಳಕು ಸರಿಯಿಲ್ಲದೆ ಕೆನ್ನೆ ಇಳಿಯುವುದನ್ನು ನಾನು ಎಲ್ಲೂ ಕಂಡಿಲ್ಲ. ಮಾಸ್ಕೋದಲ್ಲಿ ನೀವು ಮೂರು ಹೊತ್ತು ತಿನ್ನುತ್ತೀರೋ ಇಲ್ಲವೋ, ನನಗಂತೂ ಅನುಮಾನವೇ. ನಾನು ಚೆನ್ನಾಗಿದ್ದೇನೆ. ಎಡಮಂಡಿ ಒಂದು ಹಟ ಹಿಡಿದಿದೆ, ಉಳಿದದ್ದೆಲ್ಲ ಹೇಳಿದ ಮಾತು ಕೇಳುತ್ತಿದೆ. ಕೆಂದ ಹಸು ಹೆಣ್ಣುಕರು ಹಾಕಿತು. ಕಣಿವೆಯ ಮೇಲೆ ಇನ್ನೂ ಹಿಮ ಕೂತಿದೆ. ಈ ಪತ್ರದ ಜೊತೆ ಹಳದಿ ಬೆಣ್ಣೆ ಮತ್ತು ಒಣಮೊಸರಿನ ಉಂಡೆ ಕಳಿಸಿದ್ದೇನೆ. ಬೆಣ್ಣೆಯ ಡಬ್ಬಿಯನ್ನು ಕಂಠದವರೆಗೆ ತುಂಬಿಸಿದ್ದೆ, ತೆರೆದಾಗ ಎಷ್ಟಿತ್ತು ಅಂತ ನನಗೆ ತಿಳಿಸು.

ತರುತ್ತಿರುವವಳು ನಮ್ಮ ಪಕ್ಕದ ಮನೆ ಬುರುಲ್. ಮಗನನ್ನು ನೋಡಲು ಹೊರಟಿದ್ದಾಳೆ, ಮೇ ಎಂಟಕ್ಕೆ ವಾಪಸ್ಸು. ಒಳ್ಳೆಯ ಹೆಂಗಸೇ, ಆದರೆ ಅವಳ ಬಾಯಿ ಊರಬಾವಿ ಇದ್ದ ಹಾಗೆ, ಯಾರು ಬೇಕಾದರೂ ಕೊಡ ಇಳಿಸಬಹುದು. ಅದಕ್ಕೇ ಲಕೋಟೆಗೆ ಹಿಟ್ಟಿನ ಅಂಟು ಹಚ್ಚಿ, ಅಂಟಿಸಿದ ಗೆರೆಯ ಮೇಲೆ ನನ್ನ ರುಜು ಹಾಕಿದ್ದೇನೆ. ರುಜು ಮುರಿದಿದ್ದರೆ ಅವಳು ಒಡೆದಿದ್ದಾಳೆ ಎಂದು ತಿಳಿ. ಬೆಳಕಿಗೆ ಹಿಡಿದರೂ ಏನೂ ಕಾಣಬಾರದು ಎಂದು ಒಳಗೆ ಹಳೆಯ ಪೇಪರು ಸುತ್ತಿದ್ದೇನೆ. ಫೋನ್ ಇದ್ದೂ ಕಾಗದ ಯಾಕೆ ಎಂದು ನಿನಗೆ ಅನ್ನಿಸುತ್ತಿರಬಹುದು. ಫೋನಿನ ಅಕ್ಷರ ನನ್ನ ಕಣ್ಣಿಗೆ ಇರುವೆ ಸಾಲು, ನನಗೆ ಓದಿ ಹೇಳುವವಳು ನಮ್ಮ ಹುಡುಗಿ ಬೇಗಾಯಿಂ, ನಾನು ಹೇಳಿದ್ದನ್ನು ಒತ್ತಿ ಕಳಿಸುವವಳೂ ಅವಳೇ. ಇದು ಅವಳ ವಿಷಯ. ಅದಕ್ಕೇ ಕಾಗದ.

ಶಾಲೆಯಲ್ಲಿ ನನ್ನ ಗಂಟೆಯನ್ನು ತೆಗೆದುಹಾಕಿದರು. ಇಪ್ಪತ್ತಾರು ವರ್ಷ ಆ ಶಾಲೆಯ ನೆಲ ಒರೆಸಿ, ಒಲೆಗೆ ಕಲ್ಲಿದ್ದಲು ಹಾಕಿ, ಕೈಯಾರೆ ಆ ಗಂಟೆ ಬಾರಿಸಿದವಳು ನಾನು. ಈಗ ಕರೆಂಟಿನ ಗಂಟೆ ತಂದಿದ್ದಾರೆ, ಮಗುವಿನ ಕಿವಿ ಹಿಂಡಿದ ಹಾಗೆ ಕಿರುಚುತ್ತದೆ. ಕರೆಂಟು ಹೋದ ದಿನ ಮಕ್ಕಳು ಒಂದೇ ಪಾಠದಲ್ಲಿ ಎರಡು ತಾಸು ಕೂತರಂತೆ. ಈ ಮಾತು ಯಾಕೆ ಎತ್ತಿದೆನೆಂದರೆ, ಶಾಲೆಯ ಹೊತ್ತು ಗೊತ್ತು ನನಗೆ ಚೆನ್ನಾಗಿ ಗೊತ್ತು. ಎಂಟನೇ ತರಗತಿ ಎಷ್ಟು ಹೊತ್ತಿಗೆ ಬಿಡುತ್ತದೆ, ಅಲ್ಲಿಂದ ನಮ್ಮ ಬಾಗಿಲಿಗೆ ಎಷ್ಟು ಹೆಜ್ಜೆ, ದಾರಿಯಲ್ಲಿ ಹುಡುಗಿಯರು ಎಲ್ಲಿ ನಿಂತು ಹರಟುತ್ತಾರೆ ಎಂಬುದನ್ನೆಲ್ಲ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾರ್ಚಿನ ನೌರೂಜ್ ಹಬ್ಬ ಕಳೆದಂದಿನಿಂದ ಬೇಗಾಯಿಂ ಒಂದೂವರೆ ತಾಸು ತಡವಾಗಿ ಬರತೊಡಗಿದಳು. ‘ಗೋಡೆ ಪತ್ರಿಕೆ ಬರೀತಿದ್ದೀವಿ ಅಮ್ಮ’ ಎಂದಳು. ಗೋಡೆ ಪತ್ರಿಕೆ ಎರಡು ದಿನದ ಕೆಲಸ. ಅದರ ಬಣ್ಣ ಬೆರಳಿಗೆ ಹತ್ತಿದರೆ ವಾರ ಹೋಗುವುದಿಲ್ಲ, ಬೆಂಚಿನಿಂದ ಅದನ್ನು ಉಜ್ಜಿ ತೆಗೆದವಳು ನಾನು. ಇವಳ ಬೆರಳು ಸ್ವಚ್ಛವಾಗಿತ್ತು. ಆದರೆ ಮೊಣಕೈಗೆ ಸೀಮೆಸುಣ್ಣ, ಕೂದಲಿಗೆ ಕಲ್ಲಿದ್ದಲಿನ ವಾಸನೆ. ರೊಟ್ಟಿಯ ಬುಟ್ಟಿಯಲ್ಲಿ ದಿನಾ ಎರಡು ರೊಟ್ಟಿ ಕಡಿಮೆ. ನನ್ನ ಕೂದಲೇನು ಬಿಸಿಲಿಗೆ ಬೆಳ್ಳಗಾದದ್ದಲ್ಲ, ಬಕ್ತಿಗುಲ್. ಹದಿನಾಲ್ಕು ವರ್ಷದ ಹುಡುಗಿ, ಸುಳ್ಳು, ಮಾಯವಾಗುವ ರೊಟ್ಟಿ. ಮೊದಲು ಬಂದ ಯೋಚನೆ ಏನೆಂದು ನಿನಗೇ ಗೊತ್ತು. ಹೋದ ವರ್ಷ ಮೇಲಿನ ಕೇರಿಯ ಹುಡುಗಿಯೊಬ್ಬಳನ್ನು ಕಾರಿಗೆ ಎಳೆದು ಹಾಕಿಕೊಂಡು ಹೋಗಿ ಮದುವೆ ಮಾಡಿಕೊಂಡರಲ್ಲ, ಅವಳೂ ಮೊದಲು ‘ಶಾಲೇಲಿ ಕೆಲ್ಸ ಇತ್ತು’ ಎನ್ನುತ್ತಿದ್ದಳಂತೆ. ಮೂರು ದಿನ ನಾನು ಸರಿಯಾಗಿ ಊಟ ಮಾಡಲಿಲ್ಲ.

ನಾಲ್ಕನೇ ದಿನ ಕಲ್ಲಿದ್ದಲು ಕೋಣೆಯ ಕೀಲಿ ತೆಗೆದುಕೊಂಡು ಶಾಲೆಗೆ ಹೋದೆ. ನಾನು ಕೆಲಸ ಬಿಟ್ಟಾಗ ಆ ಕೀಲಿಯನ್ನು ಯಾರೂ ಕೇಳಲಿಲ್ಲ, ನಾನೂ ನೆನಪಿಸಲಿಲ್ಲ. ಕಲ್ಲಿದ್ದಲು ಕೋಣೆಯ ಹಿಂಬಾಗಿಲಿಂದ ಒಳಗೆ ಹೋಗಿ ನಕಾಶೆಗಳನ್ನು ಇಡುವ ಕೋಣೆಯ ಬಾಗಿಲಿಗೆ ಕಿವಿಯಿಟ್ಟೆ, ಆಮೇಲೆ ಸಂದಿಗೆ ಕಣ್ಣಿಟ್ಟೆ. ಒಳಗೆ ಒಲೆ ಉರಿಯುತ್ತಿತ್ತು. ಏಳು ಮಕ್ಕಳು, ಅವರ ಮಧ್ಯೆ ಹೋದ ಸೆಪ್ಟೆಂಬರಿನಲ್ಲಿ ಬಂದ ಗಣಿತದ ಟೀಚರ್ ಸಲ್ತನತ್, ಅವಳ ಕೈಯಲ್ಲಿ ನಮ್ಮ ಮನೆಯ ರೊಟ್ಟಿ. ಹಲಗೆಯ ಮುಂದೆ ಬೇಗಾಯಿಂ. ‘ಇದು ತಪ್ಪು ಕಣೇ’ ಎಂದಳು ಟೀಚರ್. ನಮ್ಮ ಹುಡುಗಿ ತಿರುಗಿ ಕೂಡ ನೋಡದೆ, ‘ತಪ್ಪಲ್ಲ ಟೀಚರ್, ಮೂರನೇ ಸಾಲಿಂದ ನೋಡಿ’ ಎಂದಳು. ಟೀಚರ್ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಮಕ್ಕಳ ಬೆಂಚಿನಲ್ಲಿ ಕೂತು, ‘ಹೌದಲ್ಲೇ, ನಾನೇ ಎಡವಿದೆ’ ಎಂದು ನಕ್ಕಳು. ಇಪ್ಪತ್ತಾರು ವರ್ಷದಲ್ಲಿ ಒಂದು ಮಗು ಹಾಗೆ ಹೇಳಿದ್ದನ್ನೂ ಕೇಳಿರಲಿಲ್ಲ, ಒಬ್ಬ ಟೀಚರ್ ಹಾಗೆ ಕೂತದ್ದನ್ನೂ ನೋಡಿರಲಿಲ್ಲ.

ಹುಡುಗನ ಕಾಟವಲ್ಲ ಎಂದು ಸಮಾಧಾನವಾಗಬೇಕಿತ್ತು. ಆಗಲಿಲ್ಲ. ದಿನಾ ಒಂದೂವರೆ ತಾಸು ಬಿಟ್ಟಿ ಪಾಠ ಯಾರು ಹೇಳುತ್ತಾರೆ? ಎರಡು ರೊಟ್ಟಿಗೆ? ಅಷ್ಟರಲ್ಲಿ ನನ್ನ ಮಂಡಿ ಲಟಕ್ಕೆಂದಿತು, ಸದ್ದಿಗೆ ಒಳಗಿನವರು ಬಾಗಿಲು ತೆರೆದರು. ಟೀಚರ್‌ಗೆ ನಾಚಿಕೆಯೂ ಇಲ್ಲ, ಗಾಬರಿಯೂ ಇಲ್ಲ. ‘ಬನ್ನಿ ಅಜ್ಜಿ, ನಿಮ್ಮದೇ ಸಾಮಾನು, ನೀವೂ ನೋಡಿ’ ಎಂದು ಕರೆದಳು. ಮೇಜಿನ ಮೇಲೆ ಹೆಡ್‌ಮಾಸ್ಟರ ಬೀರುವಿನ ಸೂಕ್ಷ್ಮದರ್ಶಕ. ಪ್ರತಿ ಶನಿವಾರ ಅದರ ಧೂಳು ಒರೆಸಿದ್ದೇನೆ ನಾನು, ಒಂದು ಮಗುವೂ ಅದರೊಳಗೆ ಇಣುಕಿದ್ದನ್ನು ನೋಡಿಲ್ಲ. ಬೇಗಾಯಿಂ ಕೆಂಪಾಗಿ ನಿಂತಿದ್ದಳು, ಆದರೂ ನನ್ನ ತಲೆ ಹಿಡಿದು ಬಗ್ಗಿಸಿ, ‘ಈರುಳ್ಳಿ ಸಿಪ್ಪೆ ಅಮ್ಮ, ಒಂದು ಕಣ್ಣು ಮುಚ್ಚು’ ಎಂದಳು. ಗೋಡೆ ಕಟ್ಟಿದ ಹಾಗೆ ಸಾಲುಸಾಲು ಇಟ್ಟಿಗೆ ಕಂಡವು. ಅರವತ್ತೇಳು ವರ್ಷದ ಬಾಳಿನಲ್ಲಿ ಎಷ್ಟೋ ಈರುಳ್ಳಿ ಹೆಚ್ಚಿದ್ದೇನೆ. ನನಗೆ ಯಾರ ಮೇಲೆ ಸಿಟ್ಟು ಬಂತೆಂದು ಇವತ್ತಿಗೂ ಗೊತ್ತಿಲ್ಲ.

ಮಾರನೆಯ ದಿನ ಟೀಚರ್ ನಮ್ಮ ಮನೆಗೆ ಬಂದಳು, ಕೈಯಲ್ಲಿ ಸಕ್ಕರೆ ಪೊಟ್ಟಣ. ಸಕ್ಕರೆ ತಂದವರ ಮಾತು ಕಹಿ ಇರುತ್ತದೆ. ರಾಜಧಾನಿ ಬಿಷ್ಕೆಕ್‌ನಲ್ಲಿ ಗಣಿತದ ಮಕ್ಕಳಿಗೆಂದೇ ಒಂದು ವಸತಿ ಶಾಲೆಯಂತೆ, ಮೇ ಹದಿನಾಲ್ಕಕ್ಕೆ ಪರೀಕ್ಷೆಯಂತೆ. ಅಲ್ಲಿ ಪ್ರಯೋಗಶಾಲೆ ಇದೆ, ನಕ್ಷತ್ರ ನೋಡುವ ದುರ್ಬೀನು ಇದೆ ಎಂದಳು. ನಕ್ಷತ್ರ ನಮ್ಮ ಅಂಗಳದಲ್ಲೇ ಬೇಕಾದಷ್ಟಿವೆ ಎಂದೆ. ಅವಳು ನಗಲಿಲ್ಲ. ‘ಅಜ್ಜಿ, ಎರಡು ವರ್ಷದಿಂದ ಇಲ್ಲಿ ಭೌತಶಾಸ್ತ್ರ ಹೇಳ್ತಿರೋದು ಆಟದ ಮೇಷ್ಟ್ರು. ನನ್ನ ಹತ್ರ ಇದ್ದದ್ದನ್ನೆಲ್ಲ ಇವಳು ಕಲಿತು ಮುಗಿಸಿದ್ದಾಳೆ. ಇನ್ನು ಇಲ್ಲೇ ಕೂತರೆ ಕೂತಲ್ಲೇ ಕೂತಿರ್ತಾಳೆ’ ಎಂದಳು. ಆಮೇಲೆ ಮೆಲ್ಲಗೆ, ತಂದೆ ತಾಯಿಯ ಒಪ್ಪಿಗೆ ಪತ್ರ ಮಾಸ್ಕೋದಿಂದ ಮುದ್ರೆ ಬಿದ್ದು ಬರಬೇಕು ಎಂದಳು. ತಾಯಿ ನಾನೇ, ಶಾಲೆಯ ದಾಖಲೆ ಪುಸ್ತಕ ತೆಗೆದು ನೋಡು ಎಂದೆ. ‘ನೋಡಿದ್ದೀನಿ ಅಜ್ಜಿ. ಅಲ್ಲಿ ನಿಮ್ಮ ಹೆಸರಿದೆ. ಜನನ ಪತ್ರದಲ್ಲಿ ಬಕ್ತಿಗುಲ್ ಅಂತಿದೆ. ಎರಡೂ ತಾಳೆಯಾಗದಿದ್ರೆ ಅವರು ಅರ್ಜಿ ಮುಟ್ಟಲ್ಲ’ ಎಂದು ಫೋನಿನಲ್ಲಿ ಆ ಪತ್ರದ ಫೋಟೋ ತೋರಿಸಿದಳು.

ದಾಖಲೆಯಲ್ಲಿ ನನ್ನ ಹೆಸರು ಹೇಗೆ ಬಂತೆಂದು ನಿನಗೆ ಗೊತ್ತು. ಚೊಚ್ಚಲು ಮಗು ಅಜ್ಜ ಅಜ್ಜಿಯದು, ಮುಂದಿನವು ನಿಮ್ಮವು. ಇದು ನಾನು ಮಾಡಿದ ಕಟ್ಟಳೆಯಲ್ಲ, ನನ್ನ ಚೊಚ್ಚಲನ್ನೂ ನನ್ನ ಅತ್ತೆ ಹೀಗೇ ಎತ್ತಿಕೊಂಡರು. ನಲವತ್ತು ದಿನದ ಕೂಸನ್ನು, ನಾನೇ ಹೆತ್ತ ಹಾಗೆ, ನನ್ನ ಅಂಗಿಯ ಸೆರಗಿನಡಿ ತೂರಿಸಿ ಈಚೆಗೆ ತೆಗೆದಾಗ ನೀನು ಆ ಕಡೆ ತಿರುಗಿ ಚಹಾ ಸೋಸುತ್ತಿದ್ದೆ. ನಾನು ನೋಡಿದ್ದೆ. ಹಾಗೆ ನನ್ನದಾದವಳನ್ನು ಒಂದನೇ ತರಗತಿಗೆ ಸೇರಿಸುವಾಗ ಹೆಡ್‌ಮಾಸ್ಟರು ‘ತಾಯಿ ಯಾರು’ ಎಂದರು, ನಾನು ಎಂದೆ, ಬರೆದುಕೊಂಡರು. ನಮ್ಮೂರಿನಲ್ಲಿ ಯಾರೂ ಅದನ್ನು ತಪ್ಪು ಎನ್ನುವುದಿಲ್ಲ.

ಈಗ ನನಗೆ ಒಂದು ವಿಷಯ ಹೇಳು. ಜನನ ಪತ್ರ ಇರುವುದು ಮಾಸ್ಕೋದಲ್ಲಿ, ನಿನ್ನ ಪೆಟ್ಟಿಗೆಯಲ್ಲಿ. ಅದರ ಫೋಟೋ ಸಲ್ತನತ್ ಕೈಗೆ ಹೇಗೆ ಬಂತು? ಆ ದಿನ ನಾನು ಹಳೆಯದನ್ನೆಲ್ಲ ಕೂಡಿಸಿ ಕಳೆದು ನೋಡಿದೆ. ಚಳಿಗಾಲಕ್ಕೆ ನೀನು ಬೇಗಾಯಿಂಗೆ ಕಳಿಸಿದ ಕೋಟು ನಮ್ಮೂರ ಚಳಿಗೆ ತೆಳು, ಪೇಟೆಯ ಚಳಿಗೆ ಸರಿ. ಹೊಸ ಮನೆಯ ಫೋಟೋದಲ್ಲಿ ಮೂರು ಜನಕ್ಕೆ ನಾಲ್ಕು ಮಂಚ. ಮೊದಲು ಬಿಷ್ಕೆಕ್, ಅಲ್ಲಿಂದ ವಿಮಾನ ಹತ್ತಿಸಿದರೆ ಮಾಸ್ಕೋ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹುಡುಗಿಯನ್ನು ನನ್ನಿಂದ ಎಳೆದುಕೊಳ್ಳಲು ಅತ್ತೆಗೆ ಹೇಳದೆ ಟೀಚರನ್ನು ಹಿಡಿದಿದ್ದೀಯ ಎಂದು ನಂಬಿದೆ. ಮುಚ್ಚಿಡುವುದಿಲ್ಲ, ಎರಡು ವಾರ ನಿನ್ನನ್ನು ಮನಸ್ಸಿನಲ್ಲಿ ಬೈದಿದ್ದೇನೆ. ಫೋನಿನಲ್ಲಿ ನೀನು ‘ಅಮ್ಮ, ಯಾಕೆ ಸುಮ್ಮನಿದ್ದೀರಿ’ ಎಂದಾಗ ಬೈಯುತ್ತಲೇ ಇದ್ದೆ.

ಕೊನೆಗೆ ಬೇಗಾಯಿಂಳನ್ನೇ ಕೇಳಿದೆ. ಮೊದಲು ಅವಳು ನೆಲ ನೋಡಿದಳು. ಆಮೇಲೆ, ‘ಬಕ್ತಿ ಅಕ್ಕನ್ನ ನಾನೇ ಕೇಳಿದ್ದು. ನಿನಗೆ ಹೇಳಬಾರ್ದು ಅಂತ ಆಣೆ ಹಾಕಿಸ್ಕೊಂಡೆ. ಈಗ ನಾನೇ ಹೋಗಲ್ಲ ಅಂತ ಟೀಚರ್‌ಗೆ ಹೇಳಿಬಿಟ್ಟೆ, ಬಿಡು’ ಎಂದಳು. ಯಾಕೆ ಎಂದೆ. ‘ಕಲ್ಲಿದ್ದಲು ಯಾರು ಹೊರ್ತಾರೆ’ ಎಂದು ಬಕೆಟ್ ತೆಗೆದುಕೊಂಡು ಹೊರಟೇ ಹೋದಳು. ಅಂದಿನಿಂದ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಾಳೆ. ರೊಟ್ಟಿ ಬುಟ್ಟಿ ತುಂಬಿಯೇ ಇರುತ್ತದೆ. ನನಗೆ ಬೇಕಾದದ್ದು ಅದೇ ತಾನೆ? ಆದರೂ ಇಷ್ಟು ಸುಲಭವಾಗಿ ಬಿಟ್ಟುಕೊಟ್ಟವಳ ಮೇಲೂ ನನಗೆ ಅನುಮಾನ ಬಂತು.

ನಿನ್ನೆ ಅವಳು ನೀರಿಗೆ ಹೋದಾಗ ಹಾಸಿಗೆಗಳ ಅಟ್ಟಿ ಇಳಿಸಿ ಹುಡುಕಿದೆ. ನಾಲ್ಕನೇ ರಜಾಯಿಯ ಮಡಿಕೆಯಲ್ಲಿ ಅರ್ಜಿ ಸಿಕ್ಕಿತು. ಬಿಸಾಡಿರಲಿಲ್ಲ, ಸುಕ್ಕಾಗದ ಹಾಗೆ ಪುಸ್ತಕದೊಳಗೆ ಇಟ್ಟಿದ್ದಳು. ಎಲ್ಲ ಸಾಲೂ ದುಂಡಗೆ ತುಂಬಿಸಿದ್ದಾಳೆ. ತಂದೆಯ ಜಾಗದಲ್ಲಿ ಮೆದೆರ್ ಎಂದಿದೆ, ಗಂಡಸರದ್ದು ಸುಲಭ, ತಂದೆಯ ಹೆಸರು ಹುಟ್ಟಿದಾಗಲೇ ಮಕ್ಕಳ ಹೆಸರಿಗೆ ಅಂಟಿಕೊಂಡಿರುತ್ತದೆ. ತಾಯಿಯ ಹೆಸರಿನ ಜಾಗ ಖಾಲಿ. ಖಾಲಿ ಎಂದರೆ ಬರೆಯದ ಖಾಲಿಯಲ್ಲ. ಪೆನ್ಸಿಲಿನಲ್ಲಿ ಬರೆದು ರಬ್ಬರು ಹಾಕಿ, ಮತ್ತೆ ಬರೆದು ಮತ್ತೆ ಒರೆಸಿ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಾಗಿದೆ. ಬುರುಲ್‌ಳ ಕಳ್ಳಬುದ್ಧಿಯನ್ನು ನಾನೇ ಮಾಡಿದೆ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದರ ಮೇಲೊಂದು ನನ್ನ ಹೆಸರೂ ಇದೆ, ನಿನ್ನ ಹೆಸರೂ ಇದೆ. ಕೊನೆಯಲ್ಲಿ ಒರೆಸಿದ್ದು ಯಾವುದೆಂದು ಗೊತ್ತಾಗಲಿಲ್ಲ. ಬಹಳ ಹೊತ್ತು ನೋಡಿದೆ. ಆಮೇಲೆ ಹಾಸಿಗೆಗಳ ಮೇಲೆ ಕೂತು ಅತ್ತುಬಿಟ್ಟೆ, ಬಕ್ತಿಗುಲ್. ಊರನ್ನೆಲ್ಲ ಸಂಶಯದಿಂದ ನೋಡಿದೆ, ಈ ಮಗು ಒಬ್ಬಳೇ ಇದನ್ನು ಹೊತ್ತುಕೊಂಡು ಓಡಾಡುತ್ತಿದ್ದುದು ನನ್ನ ಕಣ್ಣಿಗೆ ಬೀಳಲಿಲ್ಲ.

ಇನ್ನು ಜಾಸ್ತಿ ಬರೆಯುವುದಿಲ್ಲ. ಮೆದೆರ್‌ಗೆ ಹೇಳು, ಕುತ್ತಿಗೆ ತೆರೆದುಕೊಂಡು ಹೊರಗೆ ಹೋಗಬಾರದು. ಚಿಕ್ಕವನ ಹಣೆಗೆ ನನ್ನ ಮುತ್ತು. ನೀವಿರುವ ನೆಲ ನಿಮ್ಮನ್ನು ಪರದೇಶಿಗಳೆನ್ನದಿರಲಿ, ನಿಮ್ಮ ಚಹಾ ಯಾವತ್ತೂ ಬಿಸಿಯಾಗಿರಲಿ. ನೀನೂ ಒಂದಿಷ್ಟು ತಿನ್ನು.

ನಿನ್ನ ಅತ್ತೆ,
ಅನಾರ್‌ಕುಲ್

ಮರೆತ ಮಾತು: ಬುರುಲ್ ಬಾಗಿಲಲ್ಲಿ ನಿಂತು ‘ವ್ಯಾನ್ ಹೊರಡ್ತು ಕಣಕ್ಕ, ಇನ್ನೂ ಅದೇನು ಪುರಾಣ ಬರೀತಿದ್ದೀಯ’ ಎಂದು ಕುತ್ತಿಗೆ ಚಾಚುತ್ತಿದ್ದಾಳೆ. ಅರ್ಜಿಯನ್ನು ಇವತ್ತು ಬೆಳಿಗ್ಗೆ ಟೀಚರ್‌ಗೆ ಕೊಟ್ಟುಬಂದೆ, ದಾಖಲೆ ಪುಸ್ತಕದಲ್ಲಿದ್ದ ನನ್ನ ಹೆಸರನ್ನು ನನ್ನ ಕಣ್ಣೆದುರೇ ಹೊಡೆದುಹಾಕಿಸಿದೆ. ತಾಯಿಯ ಜಾಗದಲ್ಲಿ ನಿನ್ನ ಹೆಸರು ಬರೆದವಳು ನಾನು, ಶಾಯಿಯಲ್ಲಿ, ಒರೆಸಲಾಗದ ಹಾಗೆ. ಬೇಗಾಯಿಂಗೆ ಇನ್ನೂ ಹೇಳಿಲ್ಲ, ನೀನೇ ಫೋನ್ ಮಾಡಿ ಹೇಳು. ಒಪ್ಪಿಗೆ ಪತ್ರಕ್ಕೆ ಇಬ್ಬರೂ ರುಜು ಮಾಡಿ, ಮುದ್ರೆ ಹಾಕಿಸಿ, ಬುರುಲ್ ಕೈಗೇ ಕೊಟ್ಟು ಕಳಿಸು, ಲಕೋಟೆ ಚೆನ್ನಾಗಿ ಅಂಟಿಸು. ಇನ್ನೊಂದು. ಯಾವತ್ತಾದರೂ ಬೇಗಾಯಿಂ ಬಾಯಿತಪ್ಪಿ ನಿನ್ನನ್ನು ಅಮ್ಮ ಎಂದರೆ ಓಗೊಡು. ನನಗೆ ಮಾತ್ರ ತಿಳಿಸಬೇಡ. ನೀನು ತಿಳಿಸದಿದ್ದರೂ ನನಗೆ ಗೊತ್ತಾಗುತ್ತದೆ.