ಐದನೇ ಪಾಠದ ತಾಯಿ

11-3-1979, ಭಾನುವಾರ. ಉಪ್ಪಾರಹಳ್ಳಿ.

ನನ್ನ ಮೊದಲ ಕತೆ ಅಚ್ಚಾದ ವಾರ ಹೀಗೆ ಮುಗಿಯಬಾರದಿತ್ತು.

ಅಂಚೆಯಲ್ಲಿ ಬರುವ ಪಾಠಗಳಿಂದ ಕತೆ ಬರೆಯಲು ಕಲಿಯುತ್ತಾ ಎಂಟು ತಿಂಗಳಾಯಿತು. ನಾನು ನಿಟ್ಟೂರಿನಲ್ಲಿ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದಾಗ ಅವಳ ಮಗಳು ಗಂಗಿ ಬಾವಿಗೆ ಬಿದ್ದು ಸತ್ತದ್ದನ್ನೇ ಬರೆದೆ. ‘ದುರಂತಕ್ಕೆ ಪಾತ್ರದ ತಪ್ಪೇ ಕಾರಣವಾಗಿರಲಿ’ ಎಂದಿತ್ತು ಐದನೇ ಪಾಠ. ಅದಕ್ಕೇ ಕತೆಯಲ್ಲಿ, ಮಗು ಬೀಳುವ ಹೊತ್ತಿಗೆ ಅದರ ತಾಯಿಯನ್ನು ಪಕ್ಕದ ಮನೆಯ ಜಗುಲಿಯಲ್ಲಿ ಹರಟೆಗೆ ಕೂರಿಸಿದೆ. ಪಾಠ ತಿದ್ದುವವರು ಕೆಂಪು ಶಾಯಿಯಲ್ಲಿ ‘ಭೇಷ್’ ಎಂದು ಬರೆದಿದ್ದರು.

ಇವತ್ತು ಮಧ್ಯಾಹ್ನ ನಿಟ್ಟೂರಿನಿಂದ ಭಾವ ಪತ್ರಿಕೆ ಹಿಡಿದುಕೊಂಡೇ ಬಂದರು. ಹಿಂದೆ ಅಕ್ಕ.

“ಊರೆಲ್ಲ ಇದನ್ನೇ ಓದ್ತಾವ್ರೆ. ಅವತ್ತು ನಿನ್ಗೆ ಬುತ್ತಿ ಕೊಡಕ್ಕೆ ಇಸ್ಕೂಲಿಗೆ ಬಂದಿದ್ದೆ ಅಂತಾವ್ಳೆ ಇವ್ಳು. ಬಂದಿದ್ಳೇನಯ್ಯಾ?”

“ಹೇಳೋ, ಬಂದಿದ್ದೆ ಅಂತ ಹೇಳೋ,” ಅಂದಳು ಅಕ್ಕ.

ಬಂದಿದ್ದಳು. ಮಗುವನ್ನು ಒಂಟಿಯಾಗಿ ಬಿಟ್ಟು ಓಡಿ ಬಂದಿದ್ದಳು. ಹಸಿವು ತಡೆಯದೆ ಹೇಳಿಕಳಿಸಿ ತರಿಸಿಕೊಂಡವನೇ ನಾನು. ಆ ಮಾತು ಭಾವನಿಗೆ ಇವತ್ತಿಗೂ ಗೊತ್ತಿಲ್ಲ.

“ನೆನಪಿಲ್ಲ ಭಾವ,” ಅಂದೆ.

ಭಾವ ಬೀದಿಗಿಳಿದರು. ಅಕ್ಕ ಅಳಲಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತಾ, “ಚೆನ್ನಾಗ್ ಬರ್ದಿದ್ದೀಯ ಕಣೋ,” ಅಂದಳು. “ಓದ್ಸಿ ಕೇಳ್ದಾಗ ನಂಗೂ ನಿಜಾನೇ ಅನ್ನುಸ್ತು.”